ಎಡಗಡೆಯ ಮೋಟಾರು

ತೊಂಬತ್ತರ ದಶಕದ ನಡುವೆ ನಾನು ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿದ್ದೆ. ಓದಿದ್ದು ಡಿಪ್ಲೊಮಾ. ಪಾಠ ಮಾಡುವುದು ನನ್ನ ಕೆಲಸವಲ್ಲ. ಮೀಟರುಗಳನ್ನು ಕೊಡುವುದು, ತಿರುಗಿ ಪಡೆಯುವುದು, ಹುಡುಗರು ಸರ್ಕ್ಯೂಟ್ ಸುಟ್ಟುಕೊಂಡಾಗ ಯಾಕೆ ಸುಟ್ಟಿತು ಎಂದು ತೋರಿಸುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು, ಸಂಜೆ ಬೀಗ ಹಾಕುವುದು. ಲ್ಯಾಬಿನಲ್ಲಿ ಏನೇ ಕೆಟ್ಟರೂ ಎಲ್ಲರೂ ಮೊದಲು ತಿರುಗಿ ನೋಡುತ್ತಿದ್ದುದು ನನ್ನ ಕಡೆಗೆ. ಅದಕ್ಕೆ ನಾನು ಒಗ್ಗಿಕೊಂಡಿದ್ದೆ.

ಆ ವರ್ಷ ಕೊನೆಯ ವರ್ಷದ ಮೂವರು ವಿದ್ಯಾರ್ಥಿಗಳು, ಇಬ್ಬರು ಹುಡುಗರು ಒಬ್ಬಳು ಹುಡುಗಿ, ತಮ್ಮ ಪ್ರಾಜೆಕ್ಟಿಗೆ ನೀರಿನೊಳಗೆ ಓಡಾಡುವ ಯಂತ್ರ ಮಾಡುತ್ತೇವೆಂದು ಬಂದರು. ಸಮುದ್ರದ ತಳದಲ್ಲಿ ಹಾಸಿದ ಎಣ್ಣೆ ಪೈಪುಗಳನ್ನು ಪರೀಕ್ಷಿಸಲು ಅಂಥ ಯಂತ್ರಗಳಿವೆ, ಮನುಷ್ಯ ಹಡಗಿನಲ್ಲಿ ಕೂತು ಕೈಯಲ್ಲಿ ಹಿಡಿ ತಿರುಗಿಸಿದರೆ ಅದು ಕೆಳಗೆ ತಿರುಗುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದರು. ವಿಭಾಗದ ಮುಖ್ಯಸ್ಥರು ಅವರ ಅರ್ಜಿ ನೋಡಿ ನಕ್ಕರು.

"ಕಲಬುರಗ್ಯಾಗ ಸಮುದ್ರ ಎಲ್ಲದ?"

"ಸಮುದ್ರ ಇಲ್ರಿ ಸರ್, ಬಾವಿ ಅದಾವಲ್ರಿ," ಎಂದಳು ಹುಡುಗಿ. "ಕಮಲಾಪುರದಾಗ ನಮ್ಮ ದೊಡ್ಡವ್ವನ ಬಾವಿ ಅದ. ಒಳಗಿನ ಗ್ವಾಡಿ ಗಟ್ಟಿ ಅದನೋ ಇಲ್ಲೋ ಆಕಿಗೆ ನೋಡಬೇಕಾಗ್ಯದ."

ಅವಳು ಹೇಳಿದ್ದು ನಿಜವಾಗಿತ್ತು. ಅವಳ ದೊಡ್ಡವ್ವ ಕೆಂಪು ಬಾಳೆ ಬೆಳೆಯುವ ಹೆಂಗಸು. ಬಾವಿಯ ದಡದಲ್ಲಿ ಹೊಸ ಪಂಪಿಗೆ ಕಟ್ಟೆ ಕಟ್ಟಿಸಬೇಕೆಂದಿದ್ದಳು. ಊರಿನ ಇಬ್ಬರು ಈಜುಗಾರರನ್ನು ಇಳಿಸಿ ನೋಡಿದ್ದಳು. ಒಬ್ಬ ಗೋಡೆ ಭದ್ರವಾಗಿದೆ ಅಂದಿದ್ದ. ಇನ್ನೊಬ್ಬ ತೋಳು ಹೋಗುವಷ್ಟು ಸಂದು ಬಿಟ್ಟಿದೆ ಅಂದಿದ್ದ. ಯಾರ ಮಾತು ನಂಬುವುದೆಂದು ತಿಳಿಯದೆ ಕಟ್ಟೆಯ ಕೆಲಸ ನಿಂತಿತ್ತು.

ಮುಖ್ಯಸ್ಥರು ಸಹಿ ಹಾಕಿದರು. ಕಾಗದದ ಮೇಲೆ ಮಾರ್ಗದರ್ಶಕರು ಬೇರೆ ಇದ್ದರು. ಕೆಲಸ ನನ್ನ ಮೇಜಿಗೆ ಬಂತು. ನನಗೂ ಬೇಕಾಗಿತ್ತು.

ಯಂತ್ರ ನೋಡಲು ಏನೂ ಚೆಂದವಿರಲಿಲ್ಲ. ಪ್ಲಾಸ್ಟಿಕ್ ನೀರಿನ ಪೈಪು ಕತ್ತರಿಸಿ ಜೋಡಿಸಿದ ಚೌಕಟ್ಟು. ನಡುವೆ ಎರಡೂ ತುದಿ ಮುಚ್ಚಿದ ಪಾರದರ್ಶಕ ಕೊಳವೆ. ಅದರೊಳಗೆ ಯಂತ್ರವನ್ನು ನಡೆಸಲು ನಾನು ಮಾಡಿದ ಸರ್ಕ್ಯೂಟ್ ಬೋರ್ಡು, ಮತ್ತು ಮನೆಯ ಬಾಗಿಲಾಚೆ ನಿಂತವರನ್ನು ನೋಡಲು ಹಾಕುತ್ತಾರಲ್ಲ, ಅಂಥ ಒಂದು ಕಪ್ಪು ಬಿಳುಪು ಕ್ಯಾಮೆರಾ. ಎಡಕ್ಕೊಂದು, ಬಲಕ್ಕೊಂದು ಮೋಟಾರು. ಮೇಲೆ ಕೆಳಗೆ ಹೋಗಲು ಮೂರನೆಯದು. ಮೇಲಿನಿಂದ ಒಂದು ಉದ್ದನೆಯ ಕೇಬಲ್. ದಡದಲ್ಲಿ ಬ್ಯಾಟರಿ, ಸಣ್ಣ ಟಿ.ವಿ., ಕೈಯಲ್ಲಿ ಹಿಡಿದು ತಿರುಗಿಸುವ ಹಿಡಿಯೊಂದು.

ಕಷ್ಟವಿದ್ದದ್ದು ದಿಕ್ಕಿನದು. ನೀರಿನಲ್ಲಿ ಕಾಲೂರಲು ನೆಲವಿಲ್ಲ. ಎರಡು ಮೋಟಾರುಗಳಲ್ಲಿ ಒಂದು ಸ್ವಲ್ಪ ಜೋರಾಗಿ ತಿರುಗಿದರೂ ಯಂತ್ರ ಗಿರಕಿ ಹೊಡೆಯುತ್ತದೆ, ಟಿ.ವಿ.ಯಲ್ಲಿ ನೋಡುವವನಿಗೆ ಏನೂ ತಿಳಿಯುವುದಿಲ್ಲ. ಅದಕ್ಕೆ ಮುಂಬೈಯಿಂದ ಒಂದು ದಿಕ್ಸೂಚಿಯ ಸರ್ಕ್ಯೂಟ್ ತರಿಸಿದೆ. ಮುಳ್ಳಿಲ್ಲದ ದಿಕ್ಸೂಚಿ, ಉತ್ತರ ಎಲ್ಲಿದೆ ಎಂದು ವೋಲ್ಟೇಜಿನಲ್ಲಿ ಹೇಳುತ್ತದೆ. ನನ್ನ ಪ್ರೋಗ್ರಾಂ ಅದನ್ನು ಮತ್ತೆ ಮತ್ತೆ ಓದಿ, ಯಂತ್ರ ಎಡಕ್ಕೆ ಹೊರಳಿದ್ದರೆ ಎಡಗಡೆಯ ಮೋಟಾರಿಗೆ, ಬಲಕ್ಕೆ ಹೊರಳಿದ್ದರೆ ಬಲಗಡೆಯದಕ್ಕೆ ಹೆಚ್ಚು ಕರೆಂಟು ಕೊಟ್ಟು ಮೊದಲಿನ ದಿಕ್ಕಿಗೆ ತರಬೇಕು. ಹೇಳಲು ಎರಡು ವಾಕ್ಯ. ಮಾಡಲು ನಾಲ್ಕು ತಿಂಗಳು. ತಪ್ಪಾದಾಗಲೆಲ್ಲ ಪ್ರೋಗ್ರಾಂ ತುಂಬಿದ ಚಿಪ್ ಅನ್ನು ಬೋರ್ಡಿನಿಂದ ಕಿತ್ತು, ನೇರಳೆ ದೀಪದ ಪೆಟ್ಟಿಗೆಯಲ್ಲಿಟ್ಟು ಅಳಿಸಿ, ಮತ್ತೆ ಬರೆಯಬೇಕಿತ್ತು. ಅಳಿಸುವಷ್ಟು ಹೊತ್ತು ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದೆ.

ಅಷ್ಟರಲ್ಲಿ ಮೋಟಾರುಗಳು ಸುಟ್ಟವು. ಹಳೇ ಕಾರುಗಳಿಂದ ತೆಗೆದ ಸಣ್ಣ ಮೋಟಾರುಗಳು. ಎಷ್ಟು ಅಂಟು ಬಳಿದರೂ, ಎಷ್ಟು ರಬ್ಬರ್ ಸುತ್ತಿದರೂ ಶಾಫ್ಟಿನ ಸುತ್ತ ನೀರು ಒಳಗೆ ಹೋಗುತ್ತಿತ್ತು. ಯಾರೋ ಮೋಮಿನಪುರದ ಒಬ್ಬರನ್ನು ಕೇಳಿ ನೋಡಿ ಎಂದರು. ಬಾವಿಯೊಳಗೆ ಮುಳುಗಿಸುವ ಪಂಪುಗಳಿಗೆ ತಂತಿ ಸುತ್ತುವವರು.

ಅವರ ಅಂಗಡಿ ಒಂದು ಚಹಾದಂಗಡಿಯ ಪಕ್ಕದಲ್ಲಿತ್ತು, ಮೂರು ಹೆಜ್ಜೆ ಅಗಲ. ವಯಸ್ಸು ಐವತ್ತೈದರ ಮೇಲೆ. ಗಡ್ಡ ನೆರೆತಿತ್ತು, ಬೆರಳುಗಳು ವಾರ್ನಿಷಿನಿಂದ ಹಳದಿಯಾಗಿದ್ದವು. ನಾನು ಚಾಚಾ ಅಂತ ಕರೆದೆ, ಕೊನೆಯವರೆಗೂ ಹಾಗೇ ಕರೆದೆ. ಅವರು ಸುಟ್ಟ ಮೋಟಾರನ್ನು ಮೂಸಿ ನೋಡಿದರು.

"ನೀರು ಒಳಗ ಬರಬಾರ್ದಂತ ಜಿದ್ದು ಹಿಡದೀರಿ ಮೇಡಂ. ಒಳಗ ಜಗಾ ಖಾಲಿ ಇದ್ರ ನೀರು ಬಂದೇ ಬರ್ತದ."

"ಮತ್ತ ಏನ್ ಮಾಡಬೇಕ್ರಿ ಚಾಚಾ?"

"ಜಗಾ ಖಾಲಿ ಇಡಬ್ಯಾಡ್ರಿ. ಎಣ್ಣಿ ತುಂಬ್ರಿ."

ಅವರು ಮೋಟಾರಿನ ಡಬ್ಬಿಗೆ ಟ್ರಾನ್ಸ್‌ಫಾರ್ಮರ್ ಎಣ್ಣೆ ತುಂಬಿ, ಹಿಂದಿನ ತೂತಿಗೆ ಸೈಕಲ್ ಟ್ಯೂಬಿನ ಒಂದು ತುಂಡು ಕಟ್ಟಿ ಅದರಲ್ಲೂ ಎಣ್ಣೆ ತುಂಬಿದರು. ಆಳಕ್ಕೆ ಹೋದಂತೆ ನೀರು ಟ್ಯೂಬನ್ನು ಒತ್ತುತ್ತದೆ, ಒಳಗಿನ ಎಣ್ಣೆ ಅಷ್ಟೇ ಜೋರಿನಿಂದ ಹೊರಗೆ ಒತ್ತುತ್ತದೆ, ನೀರಿಗೆ ನುಗ್ಗುವ ಕಾರಣವಿರುವುದಿಲ್ಲ. ಸಮುದ್ರದ ದೊಡ್ಡ ಯಂತ್ರಗಳಲ್ಲೂ ಹೀಗೇ ಮಾಡುತ್ತಾರೆಂದು ನಾನು ಓದಿದ್ದು ಅದಾದ ಎರಡು ವರ್ಷಕ್ಕೆ. ಅವರು ಓದಿರಲಿಲ್ಲ, ಪಂಪುಗಳನ್ನು ಬಿಚ್ಚಿ ಬಿಚ್ಚಿ ತಿಳಿದುಕೊಂಡಿದ್ದರು.

ಕಾಲೇಜಿನ ಹಿಂದಿದ್ದ ಸಿಮೆಂಟಿನ ತೊಟ್ಟಿಯಲ್ಲಿ ಯಂತ್ರ ಇಳಿಸಿದೆವು. ಒಬ್ಬ ಹುಡುಗ ಉದ್ದನೆಯ ಕೋಲಿನಿಂದ ಅದನ್ನು ಪಕ್ಕಕ್ಕೆ ತಳ್ಳಿದ. ಅದು ಹೊರಳಿತು, ಎರಡು ಸಲ ಅತ್ತಿತ್ತ ತೂಗಿತು, ತನ್ನಷ್ಟಕ್ಕೆ ತಾನೇ ಮೊದಲಿನ ದಿಕ್ಕಿಗೆ ಬಂದು ನಿಂತಿತು. ಮತ್ತೆ ತಳ್ಳಿದ, ಮತ್ತೆ ಬಂತು. ಚಾಚಾ ತೊಟ್ಟಿಯ ದಂಡೆ ಮೇಲೆ ಕೂತು, "ಶಾಬಾಶ್" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ.

ಒಂದು ಭಾನುವಾರ ಎಲ್ಲವನ್ನೂ ಟೆಂಪೋದಲ್ಲಿ ಹೇರಿಕೊಂಡು ಕಮಲಾಪುರಕ್ಕೆ ಹೋದೆವು. ಮೋಟಾರು ತಮ್ಮದೆಂದು ಚಾಚಾ ಕೂಡ ಬಂದರು, ಮಹಾಗಾಂವ ದಾಟುವವರೆಗೆ ಮಾತಾಡುತ್ತಲೇ ಇದ್ದರು. ಬಾವಿ ಬಾಳೆಯ ತೋಟದ ನಡುವೆ ಇತ್ತು. ದೊಡ್ಡ ಚೌಕದ ಬಾವಿ, ಕರಿಕಲ್ಲಿನ ಗೋಡೆ, ಒಂದು ಕಡೆಯಿಂದ ನೀರಿನವರೆಗೂ ಮೆಟ್ಟಿಲು. ಹುಡುಗಿಯ ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಡದಲ್ಲಿ ನಿಂತಿದ್ದಳು. ಟಿ.ವಿ.ಯ ಮೇಲೆ ಬಿಸಿಲು ಬೀಳದಂತೆ ಒಂದು ಕಂಬಳಿ ತಂದು ಕೊಟ್ಟಳು.

ಯಂತ್ರ ಇಳಿಯಿತು. ಟಿ.ವಿ.ಯಲ್ಲಿ ಮೊದಲು ಪಾಚಿ ಕಂಡಿತು, ಆಮೇಲೆ ಕಲ್ಲು. ಇನ್ನಷ್ಟು ಕೆಳಗಿಳಿದು ಗೋಡೆಯ ಹತ್ತಿರ ಹೋದಾಗ ಚಿತ್ರ ಪಕ್ಕಕ್ಕೆ ಜಾರತೊಡಗಿತು. ಯಂತ್ರ ಎಡಕ್ಕೆ ತಿರುಗುತ್ತಿತ್ತು. ಹಿಡಿಯನ್ನು ಬಲಕ್ಕೆ ಎಳೆದೆ. ಒಂದಿಷ್ಟು ಬಂದು ಮತ್ತೆ ಎಡಕ್ಕೆ. ಮೇಲಕ್ಕೆತ್ತಿ ಇನ್ನೊಮ್ಮೆ ಇಳಿಸಿದೆವು. ಅದೇ ಆಳ, ಅದೇ ತಿರುಗು. ಕೆಳಗಿನಿಂದ ನಮಗೆ ಬರುತ್ತಿದ್ದುದು ಚಿತ್ರ ಮಾತ್ರ. ದಿಕ್ಸೂಚಿ ಏನು ಹೇಳುತ್ತಿದೆ ಎಂದು ನೋಡುವ ದಾರಿಯನ್ನು ನಾನು ಇಟ್ಟುಕೊಂಡಿರಲಿಲ್ಲ.

ದೊಡ್ಡವ್ವ ಕೇಳಿದಳು, "ಏನಾತ್ರಿ ಅಕ್ಕೋರೆ?"

ಮೂವರು ವಿದ್ಯಾರ್ಥಿಗಳೂ ನನ್ನ ಮುಖ ನೋಡಿದರು. ನಾನು ಹೇಳಿದೆ: "ಎಡಗಡಿ ಮೋಟಾರು ಸೋತದ. ಅದರಾಗ ಜೋರಿಲ್ಲ."

ಚಾಚಾ ಯಂತ್ರವನ್ನು ಮೇಲೆಳೆಸಿ ಎರಡೂ ಮೋಟಾರು ಬಿಚ್ಚಿದರು. ದೊಡ್ಡವ್ವನ ಹತ್ತಿರ ಬಾಳೆಗೊನೆ ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇತ್ತು. ಅದನ್ನು ಇಸಿದುಕೊಂಡು, ಮೋಟಾರುಗಳನ್ನು ಒಂದೊಂದಾಗಿ ಅದಕ್ಕೆ ಕಟ್ಟಿ ಮೆಟ್ಟಿಲ ಬಳಿಯ ನೀರಿನಲ್ಲಿ ಮುಳುಗಿಸಿ ಓಡಿಸಿದರು. ಎಳೆತ ತೋರಿಸುವ ಮುಳ್ಳು ಎರಡು ಸಲವೂ ಒಂದೇ ಕಡೆ ನಿಂತಿತು.

"ನೋಡ್ರಿ ಮೇಡಂ. ಎರಡೂ ಒಂದೇ."

"ಇಲ್ಲಿ ಒಂದೇ ಚಾಚಾ. ಆಳದಾಗ ಬ್ಯಾರೆ ಇರ್ತದ. ನಿಮಗ ಅದು ಗೊತ್ತಾಗಂಗಿಲ್ಲ."

ಕೊನೆಯ ಮಾತು ಬೇಕಾಗಿರಲಿಲ್ಲ. ಅವರು ಕೈ ಒರೆಸಿಕೊಂಡರು, ಚೀಲ ಎತ್ತಿಕೊಂಡರು, ದೊಡ್ಡವ್ವನಿಗೆ ಮಾತ್ರ "ಬರ್ತೀನ್ರಿ ಬಾಯಿ" ಎಂದು ಹೇಳಿ ಬಾಳೆಯ ಸಾಲುಗಳ ನಡುವೆ ರಸ್ತೆಯ ಕಡೆ ನಡೆದುಹೋದರು. ನಾವು ಟೆಂಪೋದಲ್ಲಿ ತಿರುಗಿ ಬಂದಾಗ ದಾರಿಯಲ್ಲೆಲ್ಲೂ ಅವರು ಸಿಗಲಿಲ್ಲ. ಬಸ್ಸು ಹಿಡಿದಿರಬೇಕು.

ಸೇಡಂ ರಸ್ತೆಯ ಒಂದು ಅಂಗಡಿಯಿಂದ ಹೊಸ ಮೋಟಾರು ತಂದೆ. ಚಾಚಾ ಮಾಡಿದ್ದ ಹಾಗೇ ನಾವೇ ಎಣ್ಣೆ ತುಂಬಿದೆವು, ಟ್ಯೂಬು ಕಟ್ಟಿದೆವು. ತೊಟ್ಟಿಯಲ್ಲಿ ಯಂತ್ರ ಚೆನ್ನಾಗಿ ನಡೆಯಿತು. ಮುಂದಿನ ಭಾನುವಾರ ಬಾವಿಯಲ್ಲಿ, ಅದೇ ಆಳಕ್ಕೆ ಹೋದ ಕೂಡಲೇ ಎಡಕ್ಕೆ ತಿರುಗಿತು.

ಈ ಸಲ ದೊಡ್ಡವ್ವ ಕಂಬಳಿ ಮಡಿಚಿ ಬಗಲಲ್ಲಿಟ್ಟುಕೊಂಡು ಮನೆಗೆ ಹೋದಳು.

ಆ ವಾರ ನನಗೆ ಊಟ ರುಚಿಸಲಿಲ್ಲ. ಮೋಟಾರು ಬದಲಾಗಿದೆ, ತಿರುಗು ಬದಲಾಗಿಲ್ಲ. ಹಾಗಾದರೆ ಉಳಿದದ್ದು ನನ್ನ ಬೋರ್ಡು. ಪ್ರೋಗ್ರಾಂ ಮೂರು ಸಲ ಮೊದಲಿಂದ ಓದಿದೆ. ಬೋರ್ಡನ್ನು ಬಿಸಿ ಮಾಡಿ ನೋಡಿದೆ, ಮಂಜುಗಡ್ಡೆಯ ಮೇಲಿಟ್ಟು ತಣ್ಣಗೆ ಮಾಡಿ ನೋಡಿದೆ. ಮೇಜಿನ ಮೇಲೆ ಅದು ಒಂದೇ ಒಂದು ಸಲವೂ ತಪ್ಪಲಿಲ್ಲ. ನನ್ನ ಎದುರಿಗೆ ಕೂತಿದ್ದ ಹುಡುಗಿ ಹೇಳಿದಳು, "ಮೇಡಂ, ಇಲ್ಲಿ ತಪ್ಪಂಗಿಲ್ಲ, ಅಲ್ಲಿ ತಪ್ತದ. ಹಂಗಾರ ಅಲ್ಲಿ ಏನೋ ಅದ."

ನಾನು ಭೌತಶಾಸ್ತ್ರದ ಲ್ಯಾಬಿಗೆ ಹೋಗಿ ಒಂದು ದಿಕ್ಸೂಚಿ ಪೆಟ್ಟಿಗೆ ಕೇಳಿ ತಂದೆ. ಮುಳ್ಳಿರುವಂಥದ್ದು, ಮೊದಲ ವರ್ಷದ ಮಕ್ಕಳು ಪ್ರಯೋಗಕ್ಕೆ ಬಳಸುವಂಥದ್ದು. ಮರುದಿನ ರಜೆ ಹಾಕಿ, ಹುಡುಗಿ ಮತ್ತು ನಾನು ಇಬ್ಬರೇ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು.

ಬಾವಿಯ ದಡದಲ್ಲಿ ಮುಳ್ಳು ಉತ್ತರಕ್ಕೇ ಇತ್ತು. ಮೆಟ್ಟಿಲಿಳಿಯುತ್ತ ಹೋದೆ. ನಾಲ್ಕನೆಯ ಮೆಟ್ಟಿಲಿನಲ್ಲಿ ಸ್ವಲ್ಪ ಸರಿಯಿತು. ಎಂಟನೆಯದರಲ್ಲಿ ಇನ್ನಷ್ಟು. ನೀರಿನ ಅಂಚಿನಲ್ಲಿ ಪೆಟ್ಟಿಗೆಯನ್ನು ಗೋಡೆಯ ಒಂದು ಕಲ್ಲಿಗೆ ತಾಗಿಸಿ ಹಿಡಿದೆ. ಮುಳ್ಳು ತಿರುಗಿ ಪೂರ್ವ ದಾಟಿ ಹೋಯಿತು. ಪಕ್ಕದ ಕಲ್ಲಿಗೆ ಹಿಡಿದರೆ ಬೇರೆ ಕಡೆ.

ಭೌತಶಾಸ್ತ್ರದ ಮೇಷ್ಟ್ರು ಆಮೇಲೆ ವಿವರಿಸಿದರು. ಕರಿಕಲ್ಲು ಒಂದು ಕಾಲದಲ್ಲಿ ಭೂಮಿಯೊಳಗಿಂದ ಉಕ್ಕಿ ಹರಿದ ಬೆಂಕಿ; ಅದರಲ್ಲಿ ಕಬ್ಬಿಣದ ಅಂಶವಿರುತ್ತದೆ. ಸಿಡಿಲು ಬಡಿದ ಬಂಡೆಯಾದರೆ ಅಯಸ್ಕಾಂತದ ಗುಣ ಇನ್ನೂ ಜಾಸ್ತಿ. ನಮ್ಮ ತೊಟ್ಟಿ ಇಟ್ಟಿಗೆ ಸಿಮೆಂಟಿನದು, ಅಲ್ಲಿ ಅದರ ತಂಟೆ ಇರಲಿಲ್ಲ. ಬಾವಿಯಲ್ಲಿ ಕಲ್ಲು ಉತ್ತರವನ್ನು ಬೇರೆ ಕಡೆ ತೋರಿಸುತ್ತಿತ್ತು, ನನ್ನ ಬೋರ್ಡು ಅದನ್ನೇ ನಂಬಿ ಯಂತ್ರವನ್ನು ತಿರುಗಿಸುತ್ತಿತ್ತು. ಎಡಗಡೆಯ ಮೋಟಾರು ತನಗೆ ಹೇಳಿದಷ್ಟನ್ನು ಸರಿಯಾಗಿಯೇ ಮಾಡಿತ್ತು.

ಮೋಮಿನಪುರಕ್ಕೆ ಹೋಗಲು ನಾಲ್ಕು ದಿನ ತಡ ಮಾಡಿದೆ. ಹೋದಾಗ ಸಂಜೆಯಾಗಿತ್ತು, ಚಹಾದಂಗಡಿಯಲ್ಲಿ ಜನ ತುಂಬಿದ್ದರು. ಚಾಚಾ ಒಂದು ದೊಡ್ಡ ಮೋಟಾರಿಗೆ ತಂತಿ ಸುತ್ತುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಬೆರಳೆತ್ತಿದರು. ಸುತ್ತು ಎಣಿಸುತ್ತಿದ್ದರು, ನಡುವೆ ನಿಲ್ಲಿಸುವ ಹಾಗಿರಲಿಲ್ಲ. ನಿಂತೆ. ಸುರುಳಿ ಮುಗಿಸಿ ದಾರ ಕಟ್ಟಿದ ಮೇಲೆ ತಲೆ ಎತ್ತಿದರು. ನಾನು ಕಲ್ಲಿನ ಸಂಗತಿ ಎಲ್ಲ ಹೇಳಿದೆ. ನನ್ನದು ತಪ್ಪಾಯಿತು ಎಂದೆ.

"ಮೇಡಂ, ಆವತ್ತು ನನ್ನ ಮೋಟಾರಿಗೆ ಜೋರಿಲ್ಲ ಅಂತ ಯಾರ ಮುಂದ ಹೇಳಿದ್ರಿ?"

"ಹುಡುಗರ ಮುಂದ. ಆ ತ್ವಾಟದ ಬಾಯಾರ ಮುಂದ."

"ಮತ್ತ ಇದನ್ನ ನನ್ನ ದುಕಾನದಾಗ ಬಂದು ಯಾಕ ಹೇಳ್ತೀರಿ? ಅವರ ಮುಂದ ಹೇಳ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಸ್ಕ್ರೂ ಯಾವ ಅಳತೆಯದು ಬೇಕು ಎಂದು ಹೇಳುವವರ ಹಾಗೆ ಹೇಳಿದರು. ಪಕ್ಕದವರು ಚಹಾ ತಂದಿಟ್ಟರು. ಕುಡಿದು, ಭಾನುವಾರ ಮತ್ತೆ ಬಾವಿಗೆ ಹೋಗುತ್ತೇವೆಂದು ಹೇಳಿ ಬಂದೆ.

ಮನೆಗೆ ನಡೆದು ಬರುವಾಗ, ಆ ಮಾತು ನನ್ನ ಬಾಯಿಂದ ಅಷ್ಟು ಬೇಗ ಯಾಕೆ ಬಂತು ಎಂದು ಯೋಚಿಸಿದೆ. ಉತ್ತರ ಕಷ್ಟದ್ದಾಗಿರಲಿಲ್ಲ. ಕಾಲೇಜಿನಲ್ಲಿ ಏನು ಕೆಟ್ಟರೂ ಅದು ಕೊನೆಗೆ ನನ್ನ ಮೇಲೆ ಬಂದು ನಿಲ್ಲುತ್ತಿತ್ತು, ಏಕೆಂದರೆ ನನಗಿಂತ ಕೆಳಗೆ ಯಾರೂ ಇರಲಿಲ್ಲ. ಆ ದಿನ ಬಾವಿಯ ದಡದಲ್ಲಿ ನನಗಿಂತ ಕಡಿಮೆ ಓದಿದವರೊಬ್ಬರು ನಿಂತಿದ್ದರು. ಅಷ್ಟೇ.

ಮುಂದಿನ ಭಾನುವಾರ ಚಾಚಾ ನಮ್ಮ ಟೆಂಪೋದಲ್ಲಿ ಬರಲಿಲ್ಲ. ಬಸ್ಸಿನಲ್ಲಿ ತಾವೇ ಬಂದು ಬಾವಿಯ ಹತ್ತಿರ ನಿಂತಿದ್ದರು. ನಾನು ಚೌಕಟ್ಟು ಇಳಿಸುವ ಮೊದಲೇ ಮೂವರು ವಿದ್ಯಾರ್ಥಿಗಳನ್ನೂ ದೊಡ್ಡವ್ವನನ್ನೂ ಕರೆದೆ.

"ಇವರ ಮೋಟಾರು ಸೋತದ ಅಂತ ಆವತ್ತು ನಾ ಹೇಳಿದ್ದೆ. ಅದು ತಪ್ಪು. ಎರಡೂ ಮೋಟಾರು ಸರಿ ಇದ್ವು. ಈ ಕಲ್ಲಿನಿಂದ ನನ್ನ ಬೋರ್ಡು ದಿಕ್ಕು ತಪ್ಪಿತ್ತು. ಅದು ಗೊತ್ತಾಗದ ನಾ ಇವರ ಮ್ಯಾಲ ಹಾಕಿದೆ."

ಹುಡುಗರಿಬ್ಬರು ನೆಲ ನೋಡುತ್ತಿದ್ದರು. ದೊಡ್ಡವ್ವ ಮಾತ್ರ ನಿರಾಳವಾಗಿ, "ಅಷ್ಟೇ ಏನ್ರಿ? ನಾ ಬಾವ್ಯಾಗ ಏನೋ ಸೇರಿಕೊಂಡದ ಅಂತ ತಿಳಕೊಂಡಿದ್ದೆ," ಎಂದಳು. ಚಾಚಾ ನಕ್ಕರು. ಆಮೇಲೆ ನನ್ನ ಕಡೆ ಕೈ ಚಾಚಿದರು: "ಎಲ್ಲದ ಆ ಪೆಟ್ಟಿಗಿ? ಕೊಡ್ರಿ, ನೋಡೂಣು."

ಮೆಟ್ಟಿಲಿಳಿದು ಒಂದೊಂದೇ ಕಲ್ಲಿಗೆ ಪೆಟ್ಟಿಗೆ ಹಿಡಿದು ನೋಡುತ್ತ ಅರ್ಧ ಗಂಟೆ ಕಳೆದರು. ಮುಳ್ಳನ್ನು ಜಗ್ಗುವ ಕಲ್ಲುಗಳಿಗೆ ಸುಣ್ಣದ ಗುರುತು ಹಾಕಿದರು. ಮೇಲೆ ಬಂದು ಕೇಳಿದರು, "ಈ ದಿಕ್ಕಿನ ಸರ್ಕೀಟು ಬಂದ್ ಮಾಡಿದ್ರ ಮಷೀನು ನಡೀತದೇನ್ರಿ?"

"ನಡೀತದ್ರಿ. ಆದ್ರ ಪೂರ್ತಿ ಕೈಲೆ ನಡಸಬೇಕು. ಅದನ್ನ ಬಂದ್ ಮಾಡೋ ಸ್ವಿಚ್ ಹಾಕಿ ತಂದೀನಿ."

ನಾಲ್ಕು ತಿಂಗಳ ಕೆಲಸವನ್ನು ಒಂದು ಸ್ವಿಚ್ಚಿನಿಂದ ನಿಲ್ಲಿಸಿದೆ. ಮೊದಲು ನಾನು ನಡೆಸಿದೆ. ಯಂತ್ರ ಎರಡು ಸಲ ಗೋಡೆಗೆ ಬಡಿಯಿತು. ಹುಡುಗರು ನಡೆಸಿದರು, ಗಿರಕಿ ಹೊಡೆಯಿತು. ಆಮೇಲೆ ಚಾಚಾ ಕಂಬಳಿಯೊಳಗೆ ತಲೆ ಹಾಕಿ ಕೂತು ಹಿಡಿ ತೆಗೆದುಕೊಂಡರು. ಅವರ ಕೈಗೆ ಅವಸರ ಗೊತ್ತಿರಲಿಲ್ಲ. ಒಂದಿಷ್ಟು ತಿರುಗಿಸಿ ಬಿಡುತ್ತಿದ್ದರು, ಯಂತ್ರ ನಿಲ್ಲುವವರೆಗೆ ಕಾಯುತ್ತಿದ್ದರು, ಮತ್ತೆ ಒಂದಿಷ್ಟು. ಹುಡುಗಿ ಪಕ್ಕದಲ್ಲಿ ಕೂತು ಕಂಡದ್ದನ್ನು ಕೂಗಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ.

ಉತ್ತರದ ಗೋಡೆ ತಳದವರೆಗೂ ಭದ್ರವಾಗಿತ್ತು. ಪೂರ್ವದ ಗೋಡೆಯಲ್ಲಿ ಮೂರು ಕಲ್ಲು ಕಿತ್ತು ಬಂದಿದ್ದವು, ಆ ಸಂದಿನಲ್ಲಿ ಯಾವುದೋ ಮರದ ಬೇರು ಇಳಿಬಿದ್ದಿತ್ತು. ಇಬ್ಬರು ಈಜುಗಾರರೂ ನಿಜವನ್ನೇ ಹೇಳಿದ್ದರು, ಇಳಿದದ್ದು ಬೇರೆ ಬೇರೆ ಕಡೆ. ದೊಡ್ಡವ್ವ ಕಂಬಳಿಯೊಳಗೆ ಬಗ್ಗಿ ಆ ಸಂದನ್ನು ಬಹಳ ಹೊತ್ತು ನೋಡಿದಳು. "ನಮ್ಮ ಬಾವಿ ಒಳಗ ಹಿಂಗದ?" ಎಂದಳಷ್ಟೇ. ಕಟ್ಟೆಯನ್ನು ಉತ್ತರಕ್ಕೆ ಕಟ್ಟಿಸಿದಳು. ಚಾಚಾ ಹೊರಟಾಗ ಅವರ ಚೀಲದಲ್ಲಿ ಕೆಂಪು ಬಾಳೆಯ ಎರಡು ದೊಡ್ಡ ಚಿಪ್ಪು ಇಟ್ಟಳು. ಅವತ್ತು ಅವರು ನಮ್ಮ ಜೊತೆ ಟೆಂಪೋದಲ್ಲೇ ಬಂದರು, ಹೆಚ್ಚು ಮಾತಾಡಲಿಲ್ಲ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರಿಗೆ ತೊಟ್ಟಿಯಲ್ಲಿ ಯಂತ್ರ ತೋರಿಸಿದೆವು. ಬಾವಿಯಲ್ಲಿ ದಿಕ್ಕು ತಪ್ಪಿದ ಮಾತು ಎತ್ತಬೇಡಿ ಎಂದು ಮುಖ್ಯಸ್ಥರು ಮೊದಲೇ ಹೇಳಿದ್ದರು. ಯಂತ್ರ ದಿಕ್ಕು ಹಿಡಿದು ನಿಂತಿತು. ಪರೀಕ್ಷಕರು, "ಎಲ್ಲಾ ಕಡೆ ಹೀಗೇ ನಡೆಯುತ್ತದೆಯೇ?" ಎಂದು ಕೇಳಿದರು. ಹುಡುಗಿ ಇಲ್ಲ ಎಂದಳು. ತನ್ನ ಚೀಲದಿಂದ ಬಾವಿಯ ಬಳಿ ಆರಿಸಿದ್ದ ಒಂದು ಕರಿಕಲ್ಲು ತೆಗೆದು, ಮೊಣಕೈವರೆಗೆ ನೀರಿಗಿಳಿಸಿ ಯಂತ್ರದ ಪಕ್ಕಕ್ಕೆ ಹಿಡಿದಳು. ಯಂತ್ರ ನಿಧಾನವಾಗಿ ಹೊರಳಿತು. ಪರೀಕ್ಷಕರು ಆ ಕಲ್ಲನ್ನು ಇಸಿದುಕೊಂಡು ತಾವೂ ಹಿಡಿದು ನೋಡಿದರು, ಎರಡು ಮೂರು ಸಲ. ಅಂಕ ಚೆನ್ನಾಗಿ ಬಂದವು. ಮುಖ್ಯಸ್ಥರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ವಿದ್ಯಾರ್ಥಿಗಳು ಹೋದರು, ಯಂತ್ರ ಉಳಿಯಿತು. ದೊಡ್ಡವ್ವನಿಂದ ಕೇಳಿ ತಿಳಿದ ಬಾಳೆ ತೋಟದವರು ಒಬ್ಬೊಬ್ಬರಾಗಿ ಕರೆಯತೊಡಗಿದರು. ಎರಡು ವರ್ಷ, ಬಿಡುವಿದ್ದ ಭಾನುವಾರಗಳಲ್ಲಿ ಚಾಚಾ ಮತ್ತು ನಾನು ಕಮಲಾಪುರದ ಸುತ್ತಲಿನ ಬಾವಿಗಳನ್ನು ನೋಡಿ ಬಂದೆವು. ಅವರು ನಡೆಸುತ್ತಿದ್ದರು, ನಾನು ಕೇಬಲ್ ಹಿಡಿಯುತ್ತಿದ್ದೆ. ಕೆಲವು ಬಾವಿಗಳಲ್ಲಿ ದಿಕ್ಕಿನ ಸರ್ಕ್ಯೂಟ್ ಚಾಲೂ ಇಡಲು ಬರುತ್ತಿತ್ತು, ಹೆಚ್ಚಿನವುಗಳಲ್ಲಿ ಇಲ್ಲ. ಒಂದು ಬಾವಿಯಲ್ಲಿ ಯಾರದೋ ಹಿತ್ತಾಳೆ ಕೊಡ, ಇನ್ನೊಂದರಲ್ಲಿ ಇಡೀ ಎತ್ತಿನಗಾಡಿಯ ಗಾಲಿ ಕಂಡಿತು. ನಮ್ಮ ನಡುವೆ ಆ ಹಳೆಯ ಮಾತು ಮತ್ತೆ ಬರಲಿಲ್ಲ. ಮೋಟಾರಿನ ಬಗ್ಗೆ ಏನಾದರೂ ಹೇಳುವ ಮೊದಲು ನಾನು ಅವರನ್ನೇ ಕೇಳುತ್ತಿದ್ದೆ. ಬೋರ್ಡಿನ ಬಗ್ಗೆ ಅವರು ನನ್ನನ್ನು ಕೇಳುತ್ತಿದ್ದರು.

ಹೊಸ ಶತಮಾನ ಬರುವ ಹೊತ್ತಿಗೆ ತೋಟದವರೆಲ್ಲ ಬೋರ್‌ವೆಲ್ ಹಾಕಿಸತೊಡಗಿದರು. ಆ ಸಣ್ಣ ಕೊಳವೆಯೊಳಗೆ ನಮ್ಮ ಯಂತ್ರ ಹಿಡಿಸುತ್ತಿರಲಿಲ್ಲ, ಕರೆಯುವವರು ಕಡಿಮೆಯಾದರು. ಒಂದು ಮಳೆಗಾಲ ಲ್ಯಾಬಿನ ಇಲಿಗಳು ಕೇಬಲ್ಲನ್ನು ಹತ್ತಾರು ಕಡೆ ಕಡಿದವು. ಹೊಸದು ತರಿಸಲು ನಾನು ಅರ್ಜಿ ಬರೆಯಲಿಲ್ಲ. ಮೋಮಿನಪುರಕ್ಕೆ ಹೋಗಿ ಚಾಚಾಗೆ ಹೇಳಿದೆ.

"ಹೋಗ್ಲಿ ಬಿಡ್ರಿ ಮೇಡಂ," ಎಂದರು. ಅಂಗಡಿಯ ಮುಂದೆ ಬೋರ್‌ವೆಲ್ ಪಂಪುಗಳು ಸಾಲಾಗಿ ಮಲಗಿದ್ದವು. "ನನಗೂ ಐತವಾರ ಪುರಸೊತ್ತಿಲ್ಲದಂಗ ಆಗ್ಯದ. ಕೂಡ್ರಿ, ಚಾ ಹೇಳ್ತೀನಿ."